ಮನೆಯ ಹವಾಮಾನ ಕೇಂದ್ರಕ್ಕೆ ಕಾವಲು: ವೀವೆಕ್ಸ್, ಮಾನಿಟ್ ಟಿಪ್ಪಣಿ

ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನಮ್ಮ ಮಾಳಿಗೆ ಮೇಲೆ ಒಂದು ಚಿಕ್ಕ ಹವಾಮಾನ ಕೇಂದ್ರ ಇದೆ. ಕೆಳಗಿನ ಕೋಣೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್, ಅದರಲ್ಲಿ ಕೇಂದ್ರದ ಅಂಕಿ ಓದಿ ದಾಖಲಿಸುವ ವೀವೆಕ್ಸ್ ಎಂಬ ಉಚಿತ ಸಾಫ್ಟ್‌ವೇರ್. ಐದು ನಿಮಿಷಕ್ಕೊಮ್ಮೆ ಒಂದು ದಾಖಲೆ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಸೇರುತ್ತದೆ, ಮನೆಯ ವೈಫೈನಲ್ಲಿ ಪುಟ ಕಾಣುತ್ತದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಪಕ್ಕದ ದ್ರಾಕ್ಷಿ ಪಡದ ಕಾಕಾ ದಿನಾ ಅದನ್ನು ನೋಡುತ್ತಾರೆ. ತೇವ ಜಾಸ್ತಿ ಇದ್ದರೆ ಡೌನಿ ರೋಗದ ಭಯ, ಔಷಧ ಹೊಡೆಯಬೇಕೋ ಬೇಡವೋ ಎಂಬ ಲೆಕ್ಕ.

ಒಂದು ಬೆಳಿಗ್ಗೆ ಕಾಕಾ ತೇವದ ಅಂಕಿ ನೋಡಿ ಬಂದರು. "ತಮ್ಮಾ, ನಿನ್ನ ಮಶೀನ ಮೂರ ದಿನದಿಂದ ಅರವತ್ತೊಂದ ಅಂತೈತಲ್ಲ. ನಿನ್ನಿ ರಾತ್ರಿ ಮಳಿ ಆಗಿದ್ದು ಅದಕ್ಕ ಗೊತ್ತ ಇಲ್ಲೇನು?"

ಹೋಗಿ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ವೀವೆಕ್ಸ್ ಸ್ಥಿತಿ ನೋಡಿದೆ. ಹಸಿರು ಅಕ್ಷರದಲ್ಲಿ 'ರನ್ನಿಂಗ್'. ಪ್ರೋಗ್ರಾಂ ಸತ್ತಿರಲಿಲ್ಲ, ಯುಎಸ್‌ಬಿ ಕೇಬಲ್ ಕಡೆಯಿಂದ ಬಾರದ ಡೇಟಾಕ್ಕೆ ಸುಮ್ನೆ ಕಾಯುತ್ತಾ ಕೂತಿತ್ತು. ಕೆಲವು ಕೇಂದ್ರಗಳ ಕನ್ಸೋಲ್‌ಗೆ (ಅಂಕಿ ತೋರಿಸುವ ಡಬ್ಬಿ) ತನ್ನದೇ ಮೆಮೊರಿ ಇರುತ್ತದೆ, ವೀವೆಕ್ಸ್ ಮತ್ತೆ ಶುರುವಾದಾಗ ಬಾಕಿ ದಾಖಲೆ ಎಳೆದುಕೊಳ್ಳುತ್ತದೆ. ನನ್ನದಕ್ಕೆ ಅದಿಲ್ಲ. ಮೂರು ದಿನದ ಲೆಕ್ಕ ಹೋದದ್ದೇ.

ನಾನು ಕಲಿಯಬೇಕಾದದ್ದು ಇಲ್ಲೇ ಇತ್ತು. ಸಿಸ್ಟಮ್‌ಡಿಯಲ್ಲಿ 'ರೀಸ್ಟಾರ್ಟ್' ಸಾಲಿಗೆ 'ಆನ್-ಫೇಲ್ಯೂರ್' ಅಂತ ಬರೆದರೆ, ಪ್ರೋಗ್ರಾಂ ಬಿದ್ದಾಗ ಅದೇ ಎಬ್ಬಿಸುತ್ತದೆ. ಒಂದು ಸಾಲಿನ ಕೆಲಸ, ಮಾಡಿಬಿಡಿ. ಆದರೆ ಉಸಿರಿದ್ದೂ ಕೈ ಆಡಿಸದೆ ಕೂತವನನ್ನು ಅದು ಹಿಡಿಯುವುದಿಲ್ಲ. ಅಂಥವನನ್ನು ಹಿಡಿಯಬೇಕಾದರೆ ಅವನು ಕೊನೆಗೆ ಕೆಲಸ ಮಾಡಿದ್ದು ಯಾವಾಗ ಅಂತ ನೋಡಬೇಕು. ಅಂದರೆ, ಡೇಟಾಬೇಸ್ ಫೈಲು ಕೊನೆಗೆ ಬದಲಾದ ಸಮಯ.

ಇದಕ್ಕೆ ನಾನು ಹಾಕಿದ್ದು ಮಾನಿಟ್ ಎಂಬ ಕಾವಲು ಪ್ರೋಗ್ರಾಂ. ಇಷ್ಟು ಸೆಕೆಂಡಿಗೊಮ್ಮೆ ಎದ್ದು ನೋಡು ಅಂತ ಹೇಳಿಟ್ಟರೆ ನೋಡುತ್ತದೆ, ನನ್ನಲ್ಲಿ 120. 'ಈ ಫೈಲು ಇಷ್ಟು ನಿಮಿಷದಿಂದ ಬದಲಾಗಿಲ್ಲ ಅಂದರೆ ವೀವೆಕ್ಸ್ ರೀಸ್ಟಾರ್ಟ್ ಮಾಡು' ಎಂಬ ನಿಯಮ ಎರಡು ಮೂರು ಸಾಲಿನದು. ಎಷ್ಟು ನಿಮಿಷ ಎನ್ನುವಲ್ಲಿ ನಾನು ಎಡವಿದೆ. ದಾಖಲೆ ಐದು ನಿಮಿಷಕ್ಕೊಂದು ಅಲ್ವಾ, ಮಿತಿಯೂ ಐದೇ ಇರಲಿ ಅಂದುಕೊಂಡೆ. ಆದರೆ ವೀವೆಕ್ಸ್ ಐದು ನಿಮಿಷ ಮುಗಿದ ಕೂಡಲೇ ಬರೆಯುವುದಿಲ್ಲ, ತಡವಾಗಿ ಬರುವ ಡೇಟಾಕ್ಕೆಂದು ಇನ್ನೊಂದು 15 ಸೆಕೆಂಡ್ ಕಾಯುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಆದರೂ ಮಾನಿಟ್ ಬಂದು ಚೆನ್ನಾಗಿ ಕೆಲಸ ಮಾಡುತ್ತಿದ್ದವನನ್ನೇ ಒದ್ದು ಎಬ್ಬಿಸುತ್ತಿತ್ತು. ಈಗ 15 ನಿಮಿಷ ಇಟ್ಟಿದ್ದೇನೆ, ಅಂದರೆ ಮೂರು ದಾಖಲೆ ತಪ್ಪಬೇಕು.

ಒದೆಯುವುದಕ್ಕೂ ಮಿತಿ ಬೇಕು. ಕೇಬಲ್ಲೇ ಕಿತ್ತು ಬಂದಿದ್ದರೆ ನೂರು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಮಾನಿಟ್ ಎದ್ದು ನೋಡುವ ಐದು ಸುತ್ತಿನಲ್ಲಿ ಮೂರು ಸಲ ರೀಸ್ಟಾರ್ಟ್ ಆದರೆ ಕೈ ಬಿಟ್ಟು ನನಗೆ ಮೇಲ್ ಕಳಿಸು ಅಂತ ಬರೆದಿದ್ದೇನೆ.

ಪರೀಕ್ಷೆ ಮಾಡದೆ ನಂಬಬೇಡಿ. ಹೆಚ್ಚಿನವರು ಪ್ರೋಗ್ರಾಂ ಕೊಂದು ನೋಡುತ್ತಾರೆ, ಅದು ಸಿಸ್ಟಮ್‌ಡಿಗೆ ಮಾತ್ರ ಪರೀಕ್ಷೆ. 'ಕಿಲ್' ಕಮಾಂಡಿಗೆ 'ಸ್ಟಾಪ್' ಸಿಗ್ನಲ್ ಕೊಟ್ಟು ನೋಡಿ. ಪ್ರೋಗ್ರಾಂ ಸಾಯುವುದಿಲ್ಲ, ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮ ಮನೆಯಲ್ಲಿ ಆದದ್ದಕ್ಕೆ ಇದಕ್ಕಿಂತ ಹತ್ತಿರದ ನಕಲು ಇಲ್ಲ. ಇನ್ನೊಂದು ಮಾತು: ಮಾತು ಕೇಳದ ಪ್ರೋಗ್ರಾಂ ನಿಲ್ಲಲು ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು ಆಮೇಲೆ ಕೊಲ್ಲುತ್ತದೆ. ಮಾನಿಟ್‌ನ ತಾಳ್ಮೆ 30 ಸೆಕೆಂಡ್. ಅದನ್ನು 120ಕ್ಕೆ ಏರಿಸದಿದ್ದರೆ, ಕೆಲಸ ಸರಿಯಾಗಿ ನಡೆಯುತ್ತಿದ್ದರೂ 'ಆಗಲಿಲ್ಲ' ಎಂಬ ಮೇಲ್ ಬರುತ್ತದೆ.

ಫೈಲು ಬದಲಾಗುತ್ತಿದ್ದರೂ ಒಳಗೆ ಖಾಲಿ ಇರಬಹುದು. ಸೆನ್ಸರ್ ಬ್ಯಾಟರಿ ಹೋದರೆ ಉಳಿದ ಅಂಕಿ ಬರುತ್ತವೆ, ತೇವದ ಜಾಗ ಖಾಲಿ. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಕೊನೆಯ ದಾಖಲೆ ಓದಿ ನೋಡುತ್ತದೆ.

ಇನ್ನು ಕರೆಂಟ್. ಪೈ 4ರವರೆಗಿನ ಬೋರ್ಡುಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ಕರೆಂಟ್ ಬಂದು ರೂಟರ್ ಎದ್ದು ಇಂಟರ್ನೆಟ್‌ನಿಂದ ಸಮಯ ಸಿಗುವವರೆಗೆ ಅದು ಹಳೆಯ ಸಮಯದಲ್ಲೇ ಇರುತ್ತದೆ. ಡಿಎಸ್3231 ಗಡಿಯಾರ ಚಿಪ್ಪಿನ ಮಾಡ್ಯೂಲ್ ಹಾಕಿದೆ, ಆ ತಲೆನೋವು ಹೋಯಿತು. ಆದರೆ ಮನೆಗೇ ಕರೆಂಟ್ ಇಲ್ಲದಾಗ ಮಾನಿಟ್ ಕೂಡ ಮಲಗಿರುತ್ತದೆ, ಮೇಲ್ ಕಳಿಸುವವರು ಯಾರು? ಅದಕ್ಕೆ ತಿರುಗಾಮುರುಗಾ ಮಾಡಿದೆ. ಪೈ ಹತ್ತು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸೇವೆಗೆ 'ಇದ್ದೀನಿ' ಅನ್ನುತ್ತದೆ. ಅದು ನಿಂತರೆ ಆ ಸೇವೆ ನನ್ನ ಮೊಬೈಲಿಗೆ ತಿಳಿಸುತ್ತದೆ.

ಈಗ ಕಾಕಾ ಬೇರೆ ಪ್ರಶ್ನೆ ತಂದಿದ್ದಾರೆ: "ರಾತ್ರಿ ಎಲಿ ಎಷ್ಟ ತಾಸ ತೊಯ್ದಿತ್ತ ಹೇಳ ನೋಡೂಣು." ಅದಕ್ಕೆ ಎಲೆ ತೇವದ ಸೆನ್ಸರೇ ಬೇಕು. ಇನ್ನೂ ತಂದಿಲ್ಲ.