ಕಾಲಡಿಯಲ್ಲಿ ಉರುಳುವ ದಿಮ್ಮಿ, ಕೆಳಗೆ ಹಿಮದ ನೀರು

ಒಂದು ಬಕೆಟ್ ನೀರಿಗೆ ಲಟ್ಟಣಿಗೆ ಹಾಕಿ ನೋಡಿ. ಹಗುರ ಮರದ್ದಾದರೆ ತೇಲುತ್ತದೆ. ಈಗ ಅದರ ಬೆನ್ನ ಮೇಲೆ ಒಂದು ಬೆರಳಿಟ್ಟು ನಿಧಾನವಾಗಿ ಒತ್ತಿ. ಸರಿಯಾಗಿ ನಡುವೆಯೇ ಒತ್ತಬೇಕು ಅಂತ ಎಷ್ಟೇ ಪ್ರಯತ್ನಪಟ್ಟರೂ ಅದು ಪಕ್ಕಕ್ಕೆ ಹೊರಳುತ್ತದೆ, ಬೆರಳು ನೀರಿಗೆ ಜಾರುತ್ತದೆ. ಆ ಬೆರಳಿನ ಜಾಗದಲ್ಲಿ ನೀವೇ ನಿಂತಿದ್ದೀರಿ ಅಂದುಕೊಳ್ಳಿ. ಬಕೆಟ್ ಜಾಗದಲ್ಲಿ ಹಿಮ ಕರಗಿ ಉಕ್ಕಿ ಹರಿಯುವ ಒಂದು ನದಿ.

19ನೇ ಶತಮಾನದಲ್ಲಿ ಅಮೆರಿಕದ ಮೇನ್, ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟ ರಾಜ್ಯಗಳಲ್ಲಿ, ಗಡಿಯಾಚೆ ಕೆನಡಾದ ಒಟ್ಟಾವಾ ನದಿಯಲ್ಲಿ ಸಾವಿರಾರು ಜನ ಪ್ರತಿ ವಸಂತದಲ್ಲೂ ಈ ಕೆಲಸ ಮಾಡುತ್ತಿದ್ದರು. ಚಳಿಗಾಲದಲ್ಲಿ ಕಡಿದ ಮರವನ್ನು ಜಾರುಬಂಡಿಯಲ್ಲಿ ಹೇರಿ ತಂದು ನದಿಯ ದಡದಲ್ಲಿ ರಾಶಿ ಹಾಕುತ್ತಿದ್ದರು. ಏಪ್ರಿಲ್ ಹೊತ್ತಿಗೆ ಮಂಜುಗಡ್ಡೆ ಒಡೆಯುತ್ತಿತ್ತು. ಆಗ ದಿಮ್ಮಿಗಳನ್ನೆಲ್ಲ ನೀರಿಗೆ ಉರುಳಿಸಿ, ಕೆಳಗಿನ ಊರಿನ ಸಾಮಿಲ್ಲುಗಳವರೆಗೆ ಅವುಗಳ ಜೊತೆಗೇ ಹೋಗುತ್ತಿದ್ದರು. ದಡದಲ್ಲಿ ನಡೆದು, ದೋಣಿಯಲ್ಲಿ ಕೂತು, ಎಷ್ಟೋ ಸಲ ದಿಮ್ಮಿಗಳ ಮೇಲೇ ನಿಂತು.

ರಸ್ತೆ ಇಲ್ಲದ ಕಾಡಿನಿಂದ ಟನ್‌ಗಟ್ಟಲೆ ಮರ ತರಲು ನದಿಯಷ್ಟು ಅಗ್ಗದ ದಾರಿ ಬೇರೆ ಇರಲಿಲ್ಲ. ಆದರೆ ಎಲ್ಲ ಮರವನ್ನೂ ನದಿ ಹೊರುವುದಿಲ್ಲ. ಒಂದು ಘನ ಮೀಟರ್ ನೀರು 1000 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಮರ ಅದಕ್ಕಿಂತ ಕಡಿಮೆ ತೂಗಿದರೆ ಮಾತ್ರ ತೇಲುತ್ತದೆ. ಅಲ್ಲಿನ ಬಿಳಿ ಪೈನ್ ಮರ ಹಸಿಯಾಗಿದ್ದಾಗಲೂ ಸುಮಾರು 600 ಕಿಲೋ ಅಷ್ಟೇ. ಹಾಗಾಗಿ ಅದು ಆರಾಮಾಗಿ ತೇಲುತ್ತದೆ. ಮೇಪಲ್, ಓಕ್‌ನಂಥ ಗಟ್ಟಿ ಮರಗಳು ಹಾಗಲ್ಲ, ಹಸಿಯಾಗಿದ್ದರೆ ಮುಳುಗುವ ಭಯ. ರೈಲು ಬರುವ ತನಕ ಆ ಕಾಡುಗಳಲ್ಲಿ ಗಟ್ಟಿ ಮರಗಳು ಜಾಸ್ತಿ ಉಳಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ತೇಗದ್ದೂ ಇದೇ ಕಥೆ. ಉತ್ತರ ಕನ್ನಡದ ಕಾಡಿನ ತೇಗ ಕಾಳಿ ನದಿಯಲ್ಲಿ ತೇಲಿಕೊಂಡು ಕಾರವಾರದ ಕಡೆಗೆ ಬರುತ್ತಿದ್ದ ಕಾಲವಿತ್ತು. ಆದರೆ ಹಸಿ ತೇಗವನ್ನು ನಂಬಿ ನೀರಿಗೆ ಬಿಡುವಂತಿಲ್ಲ. ಅದಕ್ಕೇ ಬರ್ಮಾದಲ್ಲಿ ಮರದ ಬುಡದ ಸುತ್ತ ತೊಗಟೆಯ ಜೊತೆ ಅದರ ಒಳಗಿನ ಬಿಳಿ ಮರವನ್ನೂ ಬಳೆಯಂತೆ ಕಡಿದು, ನಿಂತಲ್ಲೇ ಎರಡು ಮೂರು ವರ್ಷ ಒಣಗಲು ಬಿಡುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಭಾರದ ದಿಮ್ಮಿಗಳಿಗೆ ಬಿದಿರಿನ ಕಟ್ಟು ಕಟ್ಟಿ ತೇಲಿಸುತ್ತಿದ್ದರು. ಈಜು ಕಲಿಯುವ ಮಕ್ಕಳ ಬೆನ್ನಿಗೆ ಬೆಂಡು ಕಟ್ಟುತ್ತಾರಲ್ಲ, ಹಾಗೆ.

ಮತ್ತೆ ಪೈನ್ ದಿಮ್ಮಿಗೆ ಬರೋಣ. ಐದು ಮೀಟರ್ ಉದ್ದ, 40 ಸೆಂಟಿಮೀಟರ್ ಅಡ್ಡಳತೆಯ ಒಂದು ದಿಮ್ಮಿ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದು ತನ್ನ ತೂಕದ ಜೊತೆಗೆ ಇನ್ನೂ 250 ಕಿಲೋ ಹೊರಬಲ್ಲದು. ಮೂರು ಆಳು ನಿಲ್ಲಬಹುದು. ಅಡ್ಡಳತೆ 25 ಸೆಂಟಿಮೀಟರ್‌ಗೆ ಇಳಿದರೆ 98 ಕಿಲೋ ಅಷ್ಟೇ, ಅಂದರೆ ಒಬ್ಬ ನಿಂತರೆ ದಿಮ್ಮಿ ಹೆಚ್ಚುಕಡಿಮೆ ಪೂರ್ತಿ ನೀರೊಳಗೆ. 20 ಸೆಂಟಿಮೀಟರ್ ಆದರೆ 63 ಕಿಲೋ. ಅದರ ಮೇಲೆ 70 ಕಿಲೋ ಆಳು ನಿಂತರೆ ಮುಳುಗಿದ ಹಾಗೇ. ಆದರೆ ಮುಳುಗಲು ಸ್ವಲ್ಪ ಹೊತ್ತು ಬೇಕಲ್ಲ? ಅಷ್ಟರಲ್ಲಿ ಮುಂದಿನ ದಿಮ್ಮಿಗೆ ಹಾರಿರಬೇಕು. ಯಾವುದರ ಮೇಲೆ ನಿಲ್ಲಬಹುದು, ಯಾವುದನ್ನು ಬರೀ ತುಳಿದು ದಾಟಬೇಕು ಅಂತ ಅವರ ಕಣ್ಣು ಓಡುತ್ತಲೇ ಅಳೆಯುತ್ತಿತ್ತು. ನಾನು ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಅವರ ಕಾಲು ಮಾಡುತ್ತಿತ್ತು.

ಉರುಳುವುದಕ್ಕೆ ಕಾರಣ ಬೇರೆ. ಹಲಗೆಯನ್ನು ಸ್ವಲ್ಪ ವಾಲಿಸಿದರೆ ವಾಲಿದ ಕಡೆ ಜಾಸ್ತಿ ಭಾಗ ಮುಳುಗುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ದುಂಡನೆಯ ದಿಮ್ಮಿಯನ್ನು ಎಷ್ಟು ತಿರುಗಿಸಿದರೂ ಮುಳುಗಿದ ಆಕಾರ ಬದಲಾಗುವುದೇ ಇಲ್ಲ. ಹಾಗಾಗಿ ವಾಪಸ್ ತಿರುಗಿಸುವ ಬಲ ಹುಟ್ಟುವುದಿಲ್ಲ. ಮೇಲೆ ಮನುಷ್ಯ ನಿಂತರೆ ಭಾರ ಎತ್ತರದಲ್ಲಿ ಕೂತು ಇನ್ನೂ ಕಷ್ಟ. ಕಾಲುಗಳನ್ನು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಆಡಿಸುತ್ತಲೇ ಇರಬೇಕು, ನಿಂತರೆ ಕೆಟ್ಟ. ಅವರ ಬೂಟಿನ ಅಡಿಯಲ್ಲಿ ಚೂಪಾದ ಉಕ್ಕಿನ ಮೊಳೆಗಳಿರುತ್ತಿದ್ದವು. ಕೈಯಲ್ಲಿ ಉದ್ದ ಹಿಡಿಯ, ತುದಿಗೆ ಮುಳ್ಳು ಮತ್ತು ಪಕ್ಕಕ್ಕೆ ಕೊಕ್ಕೆ ಇರುವ ಸಲಕರಣೆ. 1850ರ ದಶಕದಲ್ಲಿ ಮೇನ್‌ನ ಜೋಸೆಫ್ ಪೀವಿ ಎಂಬ ಕಮ್ಮಾರ ಅದಕ್ಕೆ ಆ ರೂಪ ಕೊಟ್ಟ. ಇವತ್ತಿಗೂ ಅದರ ಹೆಸರು ಪೀವಿ. ಬೂಟು, ಪೀವಿ ಬಿಟ್ಟರೆ ರಕ್ಷಣೆ ಅಂತ ಬೇರೇನಿಲ್ಲ. ಲೈಫ್ ಜಾಕೆಟ್ ಇಲ್ಲ. ಹೆಲ್ಮೆಟ್ ಇಲ್ಲ. ಈಜು ಬಾರದವರೂ ಬೇಕಾದಷ್ಟು ಜನ ಇದ್ದರು.

ಈಜು ಬಂದರೂ ಆ ನೀರಿನಲ್ಲಿ ಜಾಸ್ತಿ ಉಪಯೋಗವಿರಲಿಲ್ಲ ಅನ್ನಿ. ಆಗಷ್ಟೇ ಕರಗಿದ ಹಿಮದ ನೀರಿಗೆ ಬಿದ್ದ ತಕ್ಷಣ ಮೈ ತಾನಾಗಿಯೇ ಏದುಸಿರು ಬಿಡುತ್ತದೆ. ಆ ಕ್ಷಣ ತಲೆ ನೀರೊಳಗಿದ್ದರೆ ಒಳಹೋಗುವುದು ಗಾಳಿಯಲ್ಲ, ನೀರು. ಮೊದಲ ನಿಮಿಷ ದಾಟಿದರೂ ಹತ್ತು ನಿಮಿಷದೊಳಗೆ ಬೆರಳು ಹಿಡಿತ ಬಿಡುತ್ತವೆ. ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು, ಅಲ್ಲಿಯವರೆಗೆ ಹೋಗುವವರೇ ಕಡಿಮೆ. ಇದಕ್ಕಿಂತ ಭಯಾನಕವಾದದ್ದು ಇನ್ನೊಂದಿದೆ. ಆಳು ಬಿದ್ದ ಸಂದಿಯನ್ನು ಪಕ್ಕದ ದಿಮ್ಮಿಗಳು ಬಂದು ಮುಚ್ಚಿಬಿಡುತ್ತಿದ್ದವು. ಮೇಲೆ ಬರಲು ಜಾಗವೇ ಇಲ್ಲ. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಎದೆ ಹಿಡಿದ ಹಾಗಾಗುತ್ತದೆ.

ಇನ್ನು ಜಾಮ್. ಹಿಟ್ಟಿನ ಗಿರಣಿಯಲ್ಲಿ ಮೇಲಿಂದ ಸುರಿದ ಕಾಳು ಕೆಲವೊಮ್ಮೆ ಬಾಯಿಯ ಹತ್ತಿರ ಸಿಕ್ಕಿಕೊಂಡು ನಿಲ್ಲುತ್ತದೆ. ಗಿರಣಿಯವನು ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟರೆ ಸರ್ರನೆ ಇಳಿಯುತ್ತದೆ. ಅಲ್ಲಿ ಆಗುವುದು ಇಷ್ಟೇ: ಕಾಳುಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟಿ, ಮೇಲಿನ ಭಾರವನ್ನು ಎರಡೂ ಬದಿಗೆ ದಾಟಿಸುತ್ತವೆ. ನದಿಯಲ್ಲೂ ಹಾಗೇ. ಒಂದು ಬಂಡೆಗೆ ದಿಮ್ಮಿಯೊಂದು ಅಡ್ಡ ಸಿಕ್ಕಿದರೆ ಸಾಕು, ಹಿಂದೆ ಬಂದದ್ದೆಲ್ಲ ಅದಕ್ಕೆ ಆತು ದಡದಿಂದ ದಡಕ್ಕೆ ಕಮಾನು ಏಳುತ್ತದೆ. ಆಮೇಲೆ ಅದೇ ಅಣೆಕಟ್ಟು. ಹಿಂದೆ ನೀರು ಏರುತ್ತದೆ. ಒಂದು ಮೀಟರ್ ಏರಿದರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಹೆಚ್ಚುತ್ತದೆ. ಜಾಸ್ತಿ ನೂಕಿದಷ್ಟೂ ಕಮಾನು ಬಿಗಿಯಾಗುತ್ತದೆ.

ಬಿಡಿಸುವ ದಾರಿ ಒಂದೇ: ಇಡೀ ಕಮಾನನ್ನು ಹಿಡಿದಿರುವ ಕೀಲಿ ದಿಮ್ಮಿಯನ್ನು ಹುಡುಕಿ ಸಡಿಲಿಸಬೇಕು. ಅದು ಇರುವುದು ಜಾಮ್‌ನ ಮುಂಭಾಗದಲ್ಲಿ. ಅಂದರೆ ಹೋದವನ ಬೆನ್ನಿಗೆ ಇಡೀ ನದಿ. ಪೀವಿ ಹಾಕಿ ಮೀಟುತ್ತಿದ್ದರು, ಕೊಡಲಿಯಿಂದ ಕಡಿಯುತ್ತಿದ್ದರು. ಎಲ್ಲೋ ಒಳಗೆ ಕಿರ್ ಅಂತ ಸದ್ದು ಬಂದರೆ ಓಡಬೇಕು, ಅದೂ ಕದಲುತ್ತಿರುವ ದಿಮ್ಮಿಗಳ ಮೇಲೆಯೇ ದಡದ ಕಡೆಗೆ. 1886ರಲ್ಲಿ ಮಿನ್ನೆಸೋಟ–ವಿಸ್ಕಾನ್ಸಿನ್ ಗಡಿಯ ಸೇಂಟ್ ಕ್ರೋಯ್ ನದಿ ಬಂಡೆಗಳ ಕಮರಿಯೊಂದರಲ್ಲಿ ಹೀಗೇ ಕಟ್ಟಿಕೊಂಡಿತು. ಸಿಕ್ಕಿಬಿದ್ದ ಮರ ಸುಮಾರು 15 ಕೋಟಿ ಬೋರ್ಡ್ ಅಡಿ ಅಂತ ಆಗಿನ ಅಂದಾಜು. ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ ಘನ ಮೀಟರ್. ಡೈನಮೈಟ್ ಇಟ್ಟರು, ಹಬೆ ದೋಣಿ ಕಟ್ಟಿ ಎಳೆದರು, ವಾರಗಟ್ಟಲೆ ಹಿಡಿಯಿತು. ದೂರದ ಊರುಗಳಿಂದ ಜನ ನೋಡಲು ಬಂದರು.

ಕೆಲಸದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕು ಅನ್ನುವ ಕಾನೂನು ವಿಸ್ಕಾನ್ಸಿನ್‌ಗೆ ಬಂದದ್ದೇ 1911ರಲ್ಲಿ, ಅಷ್ಟು ಹೊತ್ತಿಗೆ ಅಲ್ಲಿನ ದೊಡ್ಡ ಪೈನ್ ಕಾಡು ಹೆಚ್ಚುಕಡಿಮೆ ಮುಗಿದಿತ್ತು. ಸತ್ತವನನ್ನು ನದಿಯ ದಡದಲ್ಲೇ ಹೂಳುತ್ತಿದ್ದರು, ಅವನ ಮೊಳೆ ಬೂಟುಗಳನ್ನು ಹತ್ತಿರದ ಮರಕ್ಕೆ ನೇತುಹಾಕುತ್ತಿದ್ದರು ಅಂತ ಆ ಕಡೆಯವರು ಇಂದಿಗೂ ಹೇಳುತ್ತಾರೆ. ಗುರುತು ಅಂದರೆ ಅಷ್ಟೇ.

ದಿಮ್ಮಿಗಳಿಗೆ ಹಾಗಲ್ಲ. ಒಂದೇ ನದಿಯಲ್ಲಿ ಹತ್ತಾರು ಕಂಪನಿಗಳ ಮರ ಬೆರೆತು ಬರುತ್ತಿದ್ದುದರಿಂದ ಪ್ರತಿ ದಿಮ್ಮಿಗೂ ಒಡೆಯನ ಗುರುತು ಹಾಕಬೇಕಿತ್ತು. ತುದಿಯ ಮೇಲೆ ಅಚ್ಚಿನ ಸುತ್ತಿಗೆಯಿಂದ ಹೊಡೆದು ನಕ್ಷತ್ರ, ಅಕ್ಷರ, ವೃತ್ತ ಮೂಡಿಸುತ್ತಿದ್ದರು. ಆ ಗುರುತು ಸರ್ಕಾರಿ ಪುಸ್ತಕದಲ್ಲಿ ದಾಖಲಾಗಿರುತ್ತಿತ್ತು.

ಮೇನ್‌ನ ಕೆನೆಬೆಕ್ ನದಿಯಲ್ಲಿ ಕೊನೆಯ ದಿಮ್ಮಿಗಳು ತೇಲಿದ್ದು 1976ರಲ್ಲಿ. ನೀರೊಳಗೆ ಕೊಳೆಯುವ ತೊಗಟೆಯಿಂದ ನದಿ ಹಾಳಾಗುತ್ತಿದೆ ಅಂತ ಅಲ್ಲಿನ ಶಾಸನಸಭೆ ಅದನ್ನು ನಿಲ್ಲಿಸಿತು. ಆದರೆ ಹಳೆಯ ದಿಮ್ಮಿಗಳಲ್ಲಿ ನೀರು ಕುಡಿದು ಮುಳುಗಿದವು ನದಿ, ಸರೋವರಗಳ ತಳದಲ್ಲಿ ಇನ್ನೂ ಇವೆ. ಅಲ್ಲಿ ಚಳಿ, ಆಮ್ಲಜನಕ ಕಡಿಮೆ, ಮರ ತಿನ್ನುವ ಶಿಲೀಂಧ್ರ ಬದುಕುವುದಿಲ್ಲ. ಲೇಕ್ ಸುಪೀರಿಯರ್‌ನ ತಳದಿಂದ ಮೇಲೆತ್ತಿದ ಶತಮಾನದ ಹಿಂದಿನ ದಿಮ್ಮಿಗಳ ಕೆಸರು ತೊಳೆದು ನೋಡಿದರೆ, ತುದಿಯಲ್ಲಿ ಸುತ್ತಿಗೆಯ ಅಚ್ಚು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.