ದಿನಾ ನೀರು ಹಾಕಿದರೂ ಬೀಜ ಮೊಳೆಯಲಿಲ್ಲ, ಯಾಕೆ?

ವರ್ಷವರ್ಷವೂ ಬರುವ ಪ್ರಶ್ನೆ ಇದು. “ಕುಂಡದಲ್ಲಿ ಅವರೆ ಹಾಕಿದ್ದೆ ಸಾರ್, ಎರಡೂ ಹೊತ್ತು ತಪ್ಪದೆ ನೀರು ಹಾಕಿದೆ, ಆದರೂ ಹುಟ್ಟಲಿಲ್ಲ.” ಆ ‘ಆದರೂ’ ಇರುವ ಕಡೆ ‘ಅದಕ್ಕೇ’ ಅಂತ ಓದಿಕೊಳ್ಳಿ. ಎಷ್ಟು ಸಲ ಹೇಳಿದರೂ ನೀರು ಹೆಚ್ಚಾದಷ್ಟೂ ಮೊಳಕೆ ಬೇಗ ಎಂಬ ನಂಬಿಕೆ ಹೋಗುತ್ತಲೇ ಇಲ್ಲ.

ಹಿತಕಬೇಳೆ ಮಾಡುವಾಗ ನೆನೆದ ಅವರೆಕಾಳೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಹಿತಕಿದರೆ ಜಾರಿ ಬರುವ ಸಿಪ್ಪೆಯೇ ಬೀಜಕವಚ. ಅದರ ಅಂಚಿನ ಬಿಳಿ ಗೆರೆ, ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ. ಒಳಗಿನ ಎರಡು ಬೇಳೆಗಳು ಬೀಜದಳಗಳು. ಅವುಗಳ ನಡುವೆ, ಒಂದು ಮೂಲೆಯಲ್ಲಿ, ಬಾಗಿ ಮಲಗಿದ ಪುಟ್ಟ ಕುಡಿ ಕಾಣುತ್ತದಲ್ಲ, ಗಿಡ ಅಂದರೆ ಅದು. ಒಂದು ತುದಿ ಬೇರಾಗುತ್ತದೆ, ಇನ್ನೊಂದು ಚಿಗುರಾಗುತ್ತದೆ. ಮಿಕ್ಕದ್ದೆಲ್ಲ ಅದರ ಬುತ್ತಿ, ಹೊದಿಕೆ.

ನೀರಿಗೆ ಬಿದ್ದ ಕಾಳು ಉಬ್ಬುವುದನ್ನು ನೋಡಿಯೇ ಜನ ಮೋಸಹೋಗುವುದು. ಉಬ್ಬಲು ಜೀವ ಬೇಕಿಲ್ಲ, ಸತ್ತ ಬೀಜವೂ ಉಬ್ಬುತ್ತದೆ. ತೊಗರಿಬೇಳೆ ಕೂಡ ನೆನೆದರೆ ಉಬ್ಬುತ್ತದೆ, ಅದು ಎಂದಾದರೂ ಗಿಡವಾದೀತೇ? ಮೊಳಕೆಯ ಕೆಲಸ ಶುರುವಾಗುವುದು ಉಸಿರಾಟದಿಂದ. ಬುತ್ತಿಯಲ್ಲಿರುವ ಪಿಷ್ಟ ಸಕ್ಕರೆಯಾಗುತ್ತದೆ. ಆಮ್ಲಜನಕ ಸಿಕ್ಕರೆ ಆ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಎಟಿಪಿಯಷ್ಟು ಶಕ್ತಿ (ಎಟಿಪಿ ಅಂದರೆ ಜೀವಕೋಶ ಶಕ್ತಿಯನ್ನು ತುಂಬಿಟ್ಟು ಖರ್ಚು ಮಾಡುವ ಅಣು), ಸಿಗದಿದ್ದರೆ ಬರೀ 2. ಕೆಸರಾದ ಮಣ್ಣಿನಲ್ಲಿ ಗಾಳಿಯಾಡುವ ಸಂದಿಗಳಲ್ಲೆಲ್ಲ ನೀರೇ ನಿಂತಿರುತ್ತದೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ಕುಡಿಗೆ ಉಸಿರು ಕಟ್ಟುತ್ತದೆ, ಬುತ್ತಿಯ ಸಕ್ಕರೆ ಹೊರಗೆ ಸೋರುತ್ತದೆ, ಅದನ್ನುಂಡು ಬೂಷ್ಟು ಬೆಳೆಯುತ್ತದೆ. ನಿಮ್ಮ ಅವರೆಗೆ ಆದದ್ದು ಇದೇ.

ಇದು ನಿಮಗೆ ಗೊತ್ತಿಲ್ಲದ್ದೂ ಅಲ್ಲ. ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಡುತ್ತೀರಲ್ಲವೇ? ಎರಡು ದಿನ ನೀರಲ್ಲೇ ಬಿಟ್ಟರೆ ನಾರುತ್ತದೆ ಅಂತ ಪ್ರತಿ ಮನೆಗೂ ಗೊತ್ತು. ಕಟ್ಟಿಟ್ಟ ಗಂಟನ್ನು ಬಿಚ್ಚಿ ಒಳಗೆ ಬೆರಳಿಟ್ಟರೆ ಬೆಚ್ಚಗಿರುತ್ತದೆ. ಅದು ಕಾಳುಗಳು ಉಸಿರಾಡಿದ ಬಿಸಿ. ಆ ಬಿಸಿ ಮುಟ್ಟಿದಾಗಲೆಲ್ಲ ನನಗೆ ಈಗಲೂ ಮೈ ಝುಮ್ಮೆನ್ನುತ್ತದೆ.

“ಹಾಗಾದರೆ ಭತ್ತ?” ಅನ್ನುತ್ತಾರೆ. ಭತ್ತ ನೀರೊಳಗೂ ಮೊಳೆಯಬಲ್ಲದು, ನಿಜ. ಆಗಲೂ ಅದು ಬೇರನ್ನು ತಡೆದುಕೊಂಡು, ಚಿಗುರಿನ ಕೊಳವೆಯನ್ನೇ ಮೊದಲು ಗಾಳಿಯ ಕಡೆಗೆ ಉದ್ದ ಮಾಡುತ್ತದೆ. ಸಸಿಮಡಿಗೆ ಚೆಲ್ಲುವ ಭತ್ತವನ್ನು ನಮ್ಮ ರೈತರು ನೆನೆಸಿ, ಬಸಿದು, ಗೋಣಿಚೀಲದಲ್ಲಿ ಮೊಳಕೆ ಕಟ್ಟಿಯೇ ಚೆಲ್ಲುತ್ತಾರೆ.

ಕುಂಡದ ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಾಗಿದ್ದರೆ ಸಾಕು. ತಳದಲ್ಲಿ ತೂತಿರಲಿ.

ಯಾರೂ ಕೇಳದಿದ್ದರೂ ಹಲಸಿನ ಬೀಜದ ಮಾತನ್ನು ಹೇಳಿಬಿಡುತ್ತೇನೆ. ರಾಗಿ, ಅವರೆಯನ್ನು ಚೆನ್ನಾಗಿ ಒಣಗಿಸಿದರೆ ಬಾಳಿಕೆ ಬರುತ್ತದೆ. ಇಸ್ರೇಲಿನ ಮಸಾದಾ ಕೋಟೆಯ ಉತ್ಖನನದಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ನೆಟ್ಟಾಗ ಮೊಳೆಯಿತು. ಮರುಭೂಮಿಯ ಒಣಹವೆ ಅದನ್ನು ಕಾಪಾಡಿತ್ತು. ಹಲಸು, ಮಾವಿನ ಬೀಜಗಳು ಹಾಗಲ್ಲ, ಒಣಗಿದರೆ ಸತ್ತೇಹೋಗುತ್ತವೆ. ಮುಂದಿನ ಮಳೆಗಾಲಕ್ಕೆಂದು ಬಿಸಿಲಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟ ಹಲಸಿನ ಬೀಜ ಸಾರಿಗಾದೀತು. ಮರ ಬೇಕಾದರೆ ಹಣ್ಣು ಬಿಡಿಸಿದ ವಾರದೊಳಗೆ ನೆಡಿ.