ಜೋಡಿ ಅಂದರೆ ಒಂದೇ ಥರ ಅಲ್ಲ

ಮದ್ದೂರಿನ ಹತ್ತಿರದ ಒಂದು ರೈಸ್ ಮಿಲ್ಲಿನಿಂದ ಫೋನ್ ಬಂತು. "ಸಾ, ಫೈಬರ್ ಎಳೆಸಿ ಎರಡು ದಿನ ಆಯ್ತು. ಲೈಟೇ ಬತ್ತಿಲ್ಲ."

ಆಫೀಸಿನಿಂದ ಲಾರಿ ತೂಗುವ ವೇಬ್ರಿಡ್ಜಿಗೆ ಸುಮಾರು 180 ಮೀಟರ್. ಕಂಪ್ಯೂಟರುಗಳನ್ನು ಜೋಡಿಸುವ ತಾಮ್ರದ ಲ್ಯಾನ್ ಕೇಬಲ್ ನಿಯಮದ ಪ್ರಕಾರ 100 ಮೀಟರ್‌ಗೇ ಮುಗೀತು. ಅವರು ನಡುವೆ ಒಂದು ಪುಟ್ಟ ಸ್ವಿಚ್ (ಹಲವು ಲ್ಯಾನ್ ಕೇಬಲ್ ಸೇರಿಸುವ ಪೆಟ್ಟಿಗೆ) ಇಟ್ಟು ಹೇಗೋ ನಡೆಸಿಕೊಂಡು ಬಂದಿದ್ದರು. ಹೋದ ವರ್ಷ ಮುಂಗಾರಿಗೆ ಮುಂಚಿನ ಸಿಡಿಲು ಮಳೆಯಲ್ಲಿ ನಾಲ್ಕು ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಸುಟ್ಟವು. ಅಲ್ಲಿಗೆ ಫೈಬರ್ ಹಾಕಿಸುವ ತೀರ್ಮಾನ ಆಯಿತು. ಸರಿಯಾದ ತೀರ್ಮಾನವೇ. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದೆ, ಕರೆಂಟ್ ಹರಿಯುವುದಿಲ್ಲ. (ಮೇಲೆ ಉಕ್ಕಿನ ಕವಚ ಇರುವ ಕೇಬಲ್ ಆದರೆ ಆ ಕವಚಕ್ಕೆ ಅರ್ತಿಂಗ್ ಮಾಡಿಸಿ, ಅದು ಬೇರೆ ಮಾತು.)

ಹೋಗಿ ನೋಡಿದೆ. ಸ್ವಿಚ್ಚಿನ ಕೊನೆಯಲ್ಲಿ ಖಾಲಿ ಬಾಯಿಯ ಪೋರ್ಟ್ ಇರುತ್ತದಲ್ಲ, ಅದಕ್ಕೆ ಫೈಬರನ್ನು ಸ್ವಿಚ್ಚಿಗೆ ಸೇರಿಸುವ, ಬೆರಳುದ್ದದ ಎಸ್‌ಎಫ್‌ಪಿ ಮಾಡ್ಯೂಲ್ ಹಾಕಿದ್ದರು. ಸ್ವಿಚ್ ಆಫ್ ಮಾಡದೆಯೇ ಹಾಕಿ ತೆಗೆಯಬಹುದಾದ ಸಾಮಾನು ಅದು. ಇವರ ಕೇಬಲ್ ಒಂದೇ ಎಳೆಯದು. ಹಾಗಾಗಿ ಹೋಗುವ ಬೆಳಕೂ ಬರುವ ಬೆಳಕೂ ಅದರಲ್ಲೇ ಓಡಬೇಕು. ಇದಕ್ಕೆ ಬೈಡಿ (ಬೈಡೈರೆಕ್ಷನಲ್, ಎರಡೂ ದಿಕ್ಕಿನದು) ಮಾಡ್ಯೂಲ್ ಬೇಕು. ಒಂದು ತುದಿಯದು 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಳಿಸಿ 1490 ಅನ್ನು ಕೇಳಿಸಿಕೊಳ್ಳುತ್ತದೆ. ಇನ್ನೊಂದು ತುದಿಯದು ಇದರ ಉಲ್ಟಾ.

"ಎರಡೂ ಒಂದೇ ಥರದ್ದು ಕೊಡಿ ಅಂತ ಕೇಳಿ ತಂದೆ ಸಾ" ಅಂದ ಮಿಲ್ಲಿನ ಹುಡುಗ, ಹೆಮ್ಮೆಯಿಂದಲೇ. ಅಲ್ಲೇ ಇತ್ತು ಎಡವಟ್ಟು. ಎರಡೂ 1310 ಕಳಿಸುತ್ತಿದ್ದವು, ಎರಡೂ 1490ಕ್ಕೆ ಕಾಯುತ್ತಿದ್ದವು. ಎರಡು ದಿನ ಕಾದಿದ್ದವು, ಪಾಪ. ಒಂದನ್ನು ಬದಲಾಯಿಸಿದೆವು. ಎರಡೂ ಕಡೆ ಹಸಿರು ದೀಪ ಬಂತು.

ಎರಡು ಎಳೆಯ ಫೈಬರಿನಲ್ಲಿ ಈ ರಗಳೆ ಇಲ್ಲ. ಅಲ್ಲಿ ಮಾಡ್ಯೂಲ್ ಒಂದೇ ಥರದ್ದೇ ಇರಬೇಕು. ಈ ಕಡೆಯ ಟಿಎಕ್ಸ್ (ಬೆಳಕು ಕಳಿಸುವ ಬಾಯಿ) ಆ ಕಡೆಯ, ಬೆಳಕು ಪಡೆಯುವ ಆರ್‌ಎಕ್ಸ್‌ಗೆ ಹೋಗಬೇಕು, ಅಷ್ಟೇ. ಲೈಟ್ ಬರದಿದ್ದರೆ ಒಂದು ತುದಿಯಲ್ಲಿ ಮಾತ್ರ ಎರಡು ಕನೆಕ್ಟರ್ ಅದಲು ಬದಲು ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬೆಳಕು ಬರುತ್ತಿದೆಯಾ ಅಂತ ಮಾತ್ರ ಕಣ್ಣಿಟ್ಟು ಇಣುಕಬೇಡಿ. ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಪೆಟ್ಟು ಕೊಡಬಹುದು. ಸ್ವಿಚ್ಚನ್ನೇ ಕೇಳಿ. ಒಳ್ಳೆಯ ಮಾಡ್ಯೂಲ್ ತನಗೆ ಎಷ್ಟು ಬೆಳಕು ಸಿಗುತ್ತಿದೆ ಅಂತ ಡಿಬಿಎಂ (ಬೆಳಕಿನ ಬಲದ ಅಳತೆ) ಲೆಕ್ಕದಲ್ಲಿ ಹೇಳುತ್ತದೆ. ಮೈನಸ್ 40 ತೋರಿಸಿದರೆ ಬೆಳಕೇ ಬರುತ್ತಿಲ್ಲ ಅಂತ ತಿಳಿಯಿರಿ. 10 ಕಿಲೋಮೀಟರ್ ದೂರದವರೆಗೆ ಬೆಳಕು ಕಳಿಸುವ ಸಾಮಾನ್ಯ ಮಾಡ್ಯೂಲಿಗೆ ಮೈನಸ್ 6, 8 ಇದ್ದರೆ ನೆಮ್ಮದಿ. ಮೈನಸ್ 20ರ ಹತ್ತಿರ ಬಂದರೆ ಕನೆಕ್ಟರ್ ತುದಿ ಒರೆಸಿ ನೋಡಿ. ರೈಸ್ ಮಿಲ್ಲಿನ ಧೂಳು, ಹೊಟ್ಟು ಗೊತ್ತಲ್ಲ.

"80 ಕಿಲೋಮೀಟರಿನದೇ ಹಾಕಿಬಿಡೋಣ, ಸ್ಟ್ರಾಂಗ್ ಇರ್ತದೆ" ಅನ್ನುವವರೂ ಇದ್ದಾರೆ. 180 ಮೀಟರಿಗೆ ಅದು ಜಾಸ್ತಿ ಆಯಿತು. ಬೆಳಕು ಮಿತಿಮೀರಿದರೆ ಎದುರಿನ ಮಾಡ್ಯೂಲ್ ಕೆಟ್ಟೇ ಹೋಗಬಹುದು. ಹಾಗೆಯೇ 1 ಗಿಗಾ ವೇಗದ ಮಾಡ್ಯೂಲೂ 10 ಗಿಗಾದ್ದೂ ನೋಡಲು ಒಂದೇ ಅಳತೆ. 1 ಗಿಗಾ ಪೋರ್ಟಿನಲ್ಲಿ 10 ಗಿಗಾದ್ದು ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಮೈಸೂರಿನ ಹೆಬ್ಬಾಳ ಕಡೆಯ ಒಂದು ಕಾರ್ಖಾನೆಯಲ್ಲಿ ಇದನ್ನು ಕಂಡುಹಿಡಿಯಲು ನನಗೇ ಅರ್ಧ ದಿನ ಬೇಕಾಯಿತು. ಸುಮ್ನೆ ಮಾಡ್ಯೂಲ್ ಮೇಲಿನ ಚೀಟಿ ಓದಿದ್ದರೆ ಮುಗಿದಿತ್ತು.

ಮಿಲ್ಲಿಗೆ ಬರೋಣ. ಲೈಟ್ ಬಂತು, ತೂಕದ ಚೀಟಿಯೂ ಬಂತು. ಲಾರಿಯ ಫೋಟೊ ಮಾತ್ರ ತೆವಳುತ್ತಾ ಬರುತ್ತಿತ್ತು. ವೇಬ್ರಿಡ್ಜಿನ ಹಳೇ ಕಂಪ್ಯೂಟರಿನಲ್ಲಿ ಯಾರೋ ಪುಣ್ಯಾತ್ಮರು ಲ್ಯಾನ್ ಕಾರ್ಡನ್ನು 100 ಮೆಗಾಬಿಟ್ ವೇಗ, ಫುಲ್ ಡ್ಯೂಪ್ಲೆಕ್ಸ್‌ಗೆ ಬಿಗಿ ಮಾಡಿದ್ದರು. (ಫುಲ್ ಅಂದರೆ ಒಟ್ಟಿಗೇ ಕಳಿಸಿ ಪಡೆಯುವುದು, ಹಾಫ್ ಅಂದರೆ ಸರದಿಯಲ್ಲಿ.) ಸ್ವಿಚ್ಚಿನ ಪೋರ್ಟು ಆಟೋದಲ್ಲಿತ್ತು, ಅಂದರೆ ಎದುರಿನದರ ಜೊತೆ ಮಾತಾಡಿಕೊಂಡು ಇವನ್ನು ತೀರ್ಮಾನಿಸುವ ಸೆಟ್ಟಿಂಗ್. ಬಿಗಿ ಮಾಡಿದ ಕಡೆ ಆಟೋ ಮಾತುಕತೆಗೆ ಉತ್ತರ ಕೊಡುವುದಿಲ್ಲ. ಆಗ ಸ್ವಿಚ್ಚು ವೇಗವನ್ನು ಹೇಗೋ ಗುರುತಿಸಿ, ಡ್ಯೂಪ್ಲೆಕ್ಸನ್ನು ಹಾಫ್‌ಗೆ ಇಳಿಸಿಕೊಳ್ಳುತ್ತದೆ. ಒಬ್ಬ ಫುಲ್, ಒಬ್ಬ ಹಾಫ್. ಪಿಂಗ್ (ಪುಟ್ಟ ಪರೀಕ್ಷಾ ಸಂದೇಶ) ಚೆನ್ನಾಗೇ ಇರುತ್ತದೆ. ದೊಡ್ಡ ಫೈಲು ಹೊರಟಾಗ ಡಿಕ್ಕಿ ಶುರು. ಪೋರ್ಟಿನ ಲೆಕ್ಕದಲ್ಲಿ ಲೇಟ್ ಕೊಲಿಷನ್ (ತಡವಾದ ಡಿಕ್ಕಿ) ಏರುತ್ತಿದ್ದರೆ ಇದೇ ಕಾಯಿಲೆ. ಕಂಪ್ಯೂಟರನ್ನೂ ಆಟೋಗೆ ಹಾಕಿದೆ, ಫೋಟೊ ಹಾರಿ ಬಂತು.

ಆಮೇಲೆ ಕ್ಯಾಮೆರಾಗಳಿಗೆ ಬೇರೆ ವಿಲ್ಯಾನ್ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಮಾಡಿ, ಎರಡೂ ಸ್ವಿಚ್ಚಿನ ಫೈಬರ್ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್ ಒಟ್ಟಿಗೆ ಸಾಗುವ ದಾರಿ) ಮಾಡಿ, ಕಾಫಿ ಕುಡಿದು ಮನೆಗೆ ಬಂದೆ. ಸೇವ್ ಮಾಡಿರಲಿಲ್ಲ! ಸ್ವಿಚ್ಚಿನಲ್ಲಿ ಈಗ ಓಡುತ್ತಿರುವ ಸೆಟ್ಟಿಂಗೇ ಬೇರೆ, ಬರೆದಿಟ್ಟ ಸೆಟ್ಟಿಂಗೇ ಬೇರೆ. ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಬೆಳಗ್ಗೆ ಕ್ಯಾಮೆರಾ ಒಂದೂ ಇಲ್ಲ. ಹುಡುಗ ಫೋನಿನಲ್ಲಿ ನಗುತ್ತಿದ್ದ. ಮತ್ತೆ ಹೋಗಿ, ಎಲ್ಲ ಮಾಡಿ, ಅವನ ಕೈಯಲ್ಲೇ ಸೇವ್ ಒತ್ತಿಸಿದೆ. ಆಮೇಲೆ ಅವನೇ ಪ್ಲಗ್ ಕಿತ್ತು, ಹಾಕಿ, ಕ್ಯಾಮೆರಾ ಎಣಿಸಿದ. "ಎಲ್ಲಾ ಅವೆ ಸಾ, ಈಗ ಹೊರಡಿ."